ಐದು ತುಂಡಿನ ಪ್ರೋಗ್ರಾಮು, ಸೇಡಂನ ನೀರು

ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕೂತೆ. ಆ ಅವಧಿಯಲ್ಲಿ ಪ್ರೋಗ್ರಾಮ್ ಬರೆದದ್ದಕ್ಕಿಂತ ಜನರ ಮೇಲೆ ಗುಮಾನಿ ಪಟ್ಟದ್ದೇ ಹೆಚ್ಚು ಎಂದು ಈಗ ಅನ್ನಿಸುತ್ತದೆ. ಈ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಮನೆಗೆ ಬಂದಿದ್ದರು. "ನಿಮ್ಮ ಕಾಲದಾಗ ಕೆಲಸ ಹೆಂಗಿತ್ರಿ ಮೇಡಂ?" ಎಂದು ಕೇಳಿದರು. ಚಹಾ ಕುಡಿಯುವಷ್ಟರಲ್ಲಿ ಹೇಳಿ ಮುಗಿಸುವ ಸಂಗತಿಯಾಗಿರಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದು ಇದರಲ್ಲಿ ಇಲ್ಲ. ಕಾರ್ಖಾನೆಯ ಹೆಸರನ್ನೂ ಬರೆಯುವುದಿಲ್ಲ. ಅದು ಈಗ ಬೇರೆಯವರ ಕೈಗೆ ಹೋಗಿದೆ, ನಾವು ಕೂತ ಕೋಣೆಯಲ್ಲಿ ಹಳೆಯ ಟೈರು ತುಂಬಿದ್ದಾರೆ.

ನನ್ನ ತಂದೆ ಚಿತ್ತಾಪುರದಲ್ಲಿ ಶಾಲಾ ಮಾಸ್ತರರಾಗಿದ್ದರು. ನಾನು ಗಣಿತ ಓದಿ, ಆಮೇಲೆ ಕಂಪ್ಯೂಟರ್ ಕಲಿತು, ತೊಂಬತ್ತರ ದಶಕದ ನಡುವೆ ಶಹಾಬಾದಿನ ಮುಖ್ಯ ಕಚೇರಿಗೆ ಸೇರಿದೆ. ಆಗ ಕಾರ್ಖಾನೆಗೆ ಐದು ಕಡೆ ಕಚೇರಿಗಳಿದ್ದವು. ವಾಡಿಯಲ್ಲಿ ರೈಲು ವ್ಯಾಗನ್ ನೋಡಿಕೊಳ್ಳುವ ಕಚೇರಿ, ಚಿತ್ತಾಪುರದಲ್ಲಿ ಗೋದಾಮು, ಸೇಡಂ ಮತ್ತು ಚಿಂಚೋಳಿಯಲ್ಲಿ ಚಿಕ್ಕ ಕೋಣೆಗಳು. ಸೇಡಂ ಮತ್ತು ಚಿಂಚೋಳಿಯ ಕೆಲಸ ನೀರು ನೋಡುವುದು. ನಮ್ಮ ಸುಣ್ಣದ ಕಲ್ಲಿನ ಖಣಿ ಚಿತ್ತಾಪುರದ ಕಡೆ ಕಾಗಿಣಾ ನದಿಯ ದಂಡೆಗೆ ಹತ್ತಿಕೊಂಡಿತ್ತು, ನದಿಗಿಂತ ಬಹಳ ಆಳ. ನಡುವೆ ಒಂದು ಮಣ್ಣಿನ ಒಡ್ಡು ಅಷ್ಟೇ. ಮೇಲಿನಿಂದ ನೀರು ಬರುವ ಸುದ್ದಿ ಮೊದಲೇ ಸಿಗದಿದ್ದರೆ ಖಣಿಯಲ್ಲಿ ಇಳಿದವರ ಪಾಡು ಹೇಳತೀರದು. ಚಂದ್ರಂಪಳ್ಳಿ ಕೆರೆ ತುಂಬಿ ಬಿಟ್ಟ ನೀರು, ಚಿಂಚೋಳಿಯ ಹಳ್ಳಗಳ ನೀರು, ಎಲ್ಲವೂ ಕೊನೆಗೆ ಸೇಡಂ ಮೇಲೆಯೇ ಹಾದು ನಮ್ಮ ಕಡೆ ಬರುತ್ತಿತ್ತು.

ಈ ಐದೂ ಕಡೆಯನ್ನು ಟೆಲಿಫೋನ್ ತಂತಿಯಿಂದ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಇಂದಿನವರಿಗೆ ಹೇಳಬೇಕು: ಆಗ ಇಂಟರ್ನೆಟ್ ಸದಾ ಹರಿಯುತ್ತಿರಲಿಲ್ಲ. ಕಂಪ್ಯೂಟರ್ ಪಕ್ಕದ ಮೋಡೆಮ್ ಪೆಟ್ಟಿಗೆ ಮನುಷ್ಯರ ಹಾಗೆ ನಂಬರ್ ತಿರುಗಿಸಿ, ಆಚೆಯ ಮೋಡೆಮ್ ಎತ್ತಿಕೊಂಡಾಗ ಎರಡೂ ಕರ್ರ್ ಎಂದು ಕೂಗಿಕೊಂಡು ಗುರುತು ಹಿಡಿಯುತ್ತಿದ್ದವು. ಆಮೇಲೆ ಅಂಕಿ ಸಾಗಬೇಕು, ಆಮೇಲೆ ಲೈನ್ ಕಡಿಯಬೇಕು. ನಾನು ಪ್ರೋಗ್ರಾಮನ್ನು ಐದು ತುಂಡಾಗಿ ಬರೆದೆ. ಒಂದು ನಂಬರ್ ತಿರುಗಿಸಲಿಕ್ಕೆ, ಒಂದು ಹೆಸರು ಮತ್ತು ಗುಪ್ತಪದ ಹೇಳಲಿಕ್ಕೆ, ಒಂದು ಅಂಕಿ ಸಾಗಿಸಲಿಕ್ಕೆ, ಒಂದು ಲೈನ್ ಕಡಿಯಲಿಕ್ಕೆ, ಕೊನೆಯದು ಇಷ್ಟೂ ಯಾವಾಗ ನಡೆಯಿತು ಎಂದು ಬರೆದಿಡಲಿಕ್ಕೆ. ಒಂದು ಕೆಟ್ಟರೆ ಅದನ್ನಷ್ಟೇ ತೆಗೆದು ಬೇರೆಯದನ್ನು ಕೂಡಿಸಬಹುದು. ಈ ತುಂಡುಗಳನ್ನು ಕಾಂಪೊನೆಂಟ್ ಎನ್ನುತ್ತಿದ್ದೆವು. ಅವನ್ನು ಬರೆದು ಮುಗಿಸಿದ ದಿನ ನನಗೆ ಬಹಳ ಹೆಮ್ಮೆಯಾಗಿತ್ತು.

ನನ್ನ ಮೇಲಧಿಕಾರಿ ದೇಶಮುಖ ಸಾಹೇಬರು. ತೆಳ್ಳಗಿನ ಮನುಷ್ಯ, ಯಾರಾದರೂ ಮಾತಾಡುವಾಗ ಅವರ ಕಣ್ಣು ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಮೊದಲ ವಾರವೇ ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದರು. "ಯಾರ ಮ್ಯಾಲೂ ಭರೋಸಾ ಇಡಬ್ಯಾಡ್ರಿ. ಲೈನ್ ಕಟ್ಟಾತಂದ್ರ ಲೈನ್‌ಮನ್‌ನ ನೋಡ್ರಿ, ಅಂಕಿ ತಪ್ಪಿತಂದ್ರ ಆಪರೇಟರ್‌ನ ನೋಡ್ರಿ. ಮಶೀನ್ ಸುಳ್ಳು ಹೇಳಂಗಿಲ್ಲ."

ನಾನು ಒಳ್ಳೆಯ ವಿದ್ಯಾರ್ಥಿನಿ. ಈ ಪಾಠವನ್ನೂ ಚೆನ್ನಾಗಿ ಕಲಿತೆ.

ಮೊದಲು ಗುಮಾನಿ ಬಿದ್ದದ್ದು ವಾಡಿಯ ಗುಮಾಸ್ತನ ಮೇಲೆ. ದಿನಾ ಹನ್ನೊಂದರ ಸುಮಾರಿಗೆ ಅಲ್ಲಿಂದ ವ್ಯಾಗನ್ ಲೆಕ್ಕ ಬರುವಾಗ ಲೈನ್ ನಡುವೆಯೇ ತುಂಡಾಗುತ್ತಿತ್ತು. ಕೆಲಸ ತಪ್ಪಿಸಿಕೊಳ್ಳಲು ಅವನೇ ತಂತಿ ಕೀಳುತ್ತಾನೆ ಎಂದುಕೊಂಡು ಒಂದು ದಿನ ಹೇಳದೆ ಹೋಗಿ ಅವನ ಎದುರೇ ಕೂತೆ. ಅವನು ಮಿಸುಕಲಿಲ್ಲ, ಆದರೂ ಲೈನ್ ತುಂಡಾಯಿತು. ಪಕ್ಕದ ಕೋಣೆಯಲ್ಲಿ ಅವನ ಸಾಹೇಬರು ಅದೇ ತಂತಿಯ ಇನ್ನೊಂದು ಫೋನ್ ಎತ್ತಿ ಮಗಳ ಜೊತೆ ಮಾತಾಡುತ್ತಿದ್ದರು. ಗುಮಾಸ್ತನಿಗೆ ಮೊದಲಿಂದಲೂ ಗೊತ್ತಿತ್ತು, ಬಾಯಿ ಬಿಡುವ ಧೈರ್ಯವಿರಲಿಲ್ಲ. ನಾನು ಗುಮಾನಿಪಟ್ಟ ಮನುಷ್ಯ ಬೇರೆಯಾದರೂ ತಪ್ಪು ಮನುಷ್ಯರದ್ದೇ ಎಂದಾಯಿತಲ್ಲ, ನನ್ನ ನಂಬಿಕೆ ಇನ್ನೂ ಗಟ್ಟಿಯಾಯಿತು. ಆಮೇಲೆ ಬರೆದಿಡುವ ತುಂಡನ್ನು ಇನ್ನಷ್ಟು ಚುರುಕು ಮಾಡಿದೆ. ಯಾರು ಯಾವಾಗ ಯಂತ್ರ ಹಚ್ಚಿದರು, ಎಷ್ಟು ಹೊತ್ತು ಸುಮ್ಮನೆ ಬಿಟ್ಟರು ಎಂಬುದೆಲ್ಲ ಅವರಿಗೆ ಗೊತ್ತಾಗದ ಹಾಗೆ ನನಗೆ ಬರತೊಡಗಿತು. ಅದನ್ನು ಓದುವುದು ನನ್ನ ಮುಂಜಾನೆಯ ಮೊದಲ ಕೆಲಸವಾಯಿತು. ಬೇರೆಯವರ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗಿರುತ್ತಿತ್ತು. ನಾಚಿಕೆಯಾಗಲಿಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಎರಡನೆಯದು ಚಿಂಚೋಳಿ. ಅಲ್ಲಿ ನರಸಿಂಹಲು ಎಂಬವನಿದ್ದ, ಅರ್ಧ ತೆಲುಗು, ಅರ್ಧ ಕನ್ನಡ, ಬಹಳ ಅಂಜುಬುರುಕ. ಅವನ ಕೋಣೆಯ ಮೋಡೆಮ್ ಮಧ್ಯಾಹ್ನ ತಾನಾಗಿಯೇ ನಂಬರ್ ತಿರುಗಿಸುತ್ತಿತ್ತು. ದೇಶಮುಖ ಸಾಹೇಬರು, ಅವನು ಹೊರಗಿನವರಿಗೆ ಏನೋ ಕಳಿಸುತ್ತಿದ್ದಾನೆ ಎಂದರು. ನಾನೂ ನಂಬಿದೆ. ಹೋಗಿ ನೋಡಿದರೆ ತಾನಾಗಿ ಕೂಗುವ ಆ ಪೆಟ್ಟಿಗೆಗೆ ಹೆದರಿ ಅವನು ಊಟಕ್ಕೆ ಹೋಗುವಾಗ ತಂತಿಯನ್ನೇ ಕಿತ್ತಿಟ್ಟು ಹೋಗುತ್ತಿದ್ದ. ಎರಡು ದಿನ ಕೂತು ಹುಡುಕಿದ ಮೇಲೆ ಕಂಡದ್ದು ಇಷ್ಟು: ನನ್ನ ನಾಲ್ಕನೆಯ ತುಂಡು ಲೈನ್ ಕಡಿದೆ ಎಂದು ಹೇಳುತ್ತಿತ್ತೇ ಹೊರತು ಪೂರ್ತಿ ಕಡಿಯುತ್ತಿರಲಿಲ್ಲ. ಮೊದಲನೆಯ ತುಂಡು ಅದನ್ನು ನೋಡಿ ಕೆಲಸ ಬಾಕಿಯಿದೆ ಎಂದುಕೊಂಡು ಮತ್ತೆ ತಿರುಗಿಸುತ್ತಿತ್ತು. ಎರಡು ಸಾಲು ತಿದ್ದಿದೆ, ಸರಿಹೋಯಿತು. ಆದರೆ ವರದಿಯಲ್ಲಿ "ಮೋಡೆಮ್ ದೋಷ, ಬದಲಿಸಲಾಗಿದೆ" ಎಂದು ಬರೆದೆ. ಮೋಡೆಮ್‌ಗೆ ಬಾಯಿ ಇಲ್ಲ. ನರಸಿಂಹಲುವಿಗೆ ಬಾಯಿ ಇತ್ತು, ಆದರೆ ತಾನು ಪಾರಾದೆನೆಂಬ ಖುಷಿಯಲ್ಲಿ ಅವನು ನನಗೆ ಸಜ್ಜಿಗೆ ಮಾಡಿಸಿ ತಿನ್ನಿಸಿ ಕಳಿಸಿದ.

ಆ ವರ್ಷ ಇನ್ನೊಂದು ಬದಲಾವಣೆ ಮಾಡಿದೆ. ಮುಂಜಾನೆ ದೊಡ್ಡ ಸಾಹೇಬರ ಮೇಜಿಗೂ ಖಣಿಗೂ ಹೋಗುವ ವರದಿಯಲ್ಲಿ ಖಾಲಿ ಜಾಗ ಇರಬಾರದು ಎಂದು ದೇಶಮುಖ ಸಾಹೇಬರ ಹಟ. ಲೈನ್ ಕೆಟ್ಟು ಯಾವುದಾದರೂ ಊರಿನ ಅಂಕಿ ಬರದಿದ್ದರೆ ಹಿಂದಿನ ಅಂಕಿಯನ್ನೇ ತುಂಬಿ, ಪಕ್ಕದಲ್ಲಿ ಒಂದು ಚುಕ್ಕಿ ಇಡುವಂತೆ ಬರೆದೆ. ಚುಕ್ಕಿ ಇದ್ದರೆ ಇದು ಹಳೆಯದು ಎಂದರ್ಥ. ಕೆಲವು ತಿಂಗಳ ಮೇಲೆ ವರದಿ ಮುದ್ರಿಸುವ ಪ್ರೋಗ್ರಾಮನ್ನು ಹೊಸದಾಗಿ, ಚಂದದ ಗೆರೆ ಹಾಕಿ ಬರೆದುಕೊಟ್ಟೆ. ಅದರಲ್ಲಿ ಚುಕ್ಕಿಯ ಮಾತೇ ನನಗೆ ಮರೆತುಹೋಯಿತು. ಬೇಸಿಗೆಯಲ್ಲಿ ಲೈನ್ ಚೆನ್ನಾಗಿರುತ್ತಿತ್ತು, ಯಾರಿಗೂ ಏನೂ ಗೊತ್ತಾಗಲಿಲ್ಲ.

ಮಳೆಗಾಲ ಬಂತು. ಸೇಡಂನಲ್ಲಿ ನೀರು ನೋಡುತ್ತಿದ್ದವರು ಶರಣಪ್ಪ. ಐವತ್ತು ದಾಟಿದ ಮನುಷ್ಯ, ಹಣೆ ತುಂಬ ವಿಭೂತಿ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಮೊದಲು ಖಣಿಯ ಪಂಪಿನ ಮೇಲೆ ಇದ್ದವರು, ಮೊಣಕಾಲು ನೋವೆಂದು ಸೇಡಂಗೆ ಹಾಕಿದ್ದರು. ಸೇತುವೆಯ ಕಂಬದ ಮೇಲೆ ಬಿಳಿ ಬಣ್ಣದಲ್ಲಿ ಅಡಿ ಗುರುತು ಹಾಕಿತ್ತು. ಮೂರು ಮೂರು ತಾಸಿಗೆ ಅದನ್ನು ನೋಡಿ, ವಹಿಯಲ್ಲಿ ಬರೆದು, ಕೋಣೆಗೆ ಬಂದು ಕಂಪ್ಯೂಟರಿಗೆ ಹಾಕಬೇಕು.

ಒಂದು ವಾರ ಸೇಡಂನ ಅಂಕಿ ಮತ್ತೆ ಮತ್ತೆ ಒಂದೇ ಬರತೊಡಗಿತು. ಮುಂಜಾನೆ ಏಳು ಅಡಿ, ಮಧ್ಯಾಹ್ನ ಏಳು ಅಡಿ, ಸಂಜೆ ಏಳು ಅಡಿ. ಮಳೆಗಾಲದ ಹೊಳೆ ಹಾಗೆ ನಿಲ್ಲುವುದುಂಟೆ? ಎಲ್ಲವನ್ನೂ ಬರೆದಿಡುವ ನನ್ನ ಐದನೆಯ ತುಂಡು, ಅಂದರೆ ಲಾಗ್ ಎನ್ನುವ ದಿನಚರಿ ತುಂಡು, ನೋಡಿದೆ. ಪ್ರತಿ ಸಲವೂ "ಲೈನ್ ಸೇರಿದೆ, ಕಳಿಸಿದೆ" ಎಂದೇ ಇತ್ತು. ಅಂದ ಮೇಲೆ ಯಂತ್ರ ತನ್ನ ಕೆಲಸ ಮಾಡಿದೆ, ಶರಣಪ್ಪ ಹೊಳೆಗೆ ಇಳಿಯದೆ ಕೋಣೆಯಲ್ಲೇ ಕೂತು ಅಂಕಿ ಹೊಡೆಯುತ್ತಿದ್ದಾರೆ. ದೇಶಮುಖ ಸಾಹೇಬರಿಗೆ ಹೇಳಿದಾಗ ಅವರು ನಕ್ಕು, ಮೊಣಕಾಲು ನೋವಿನವರು ಮೆಟ್ಟಿಲು ಇಳಿಯುತ್ತಾರೆಯೇ ಎಂದರು.

ಹೇಳದೆ ಸೇಡಂಗೆ ಹೋದೆ. ಸೇತುವೆ ಕಾಣುವ ಚಹಾದಂಗಡಿಯಲ್ಲಿ ಕೂತು ಕಾದೆ. ಸರಿಯಾಗಿ ಹನ್ನೆರಡಕ್ಕೆ ಶರಣಪ್ಪ ಛತ್ರಿ ಹಿಡಿದು ಬಂದರು. ಒಂದೊಂದೇ ಮೆಟ್ಟಿಲು, ಗೋಡೆ ಹಿಡಿದು ಇಳಿದರು, ಕನ್ನಡಕ ಏರಿಸಿ ಕಂಬ ನೋಡಿದರು, ನಿಂತಲ್ಲೇ ಬರೆದುಕೊಂಡರು. ಅದನ್ನು ನೋಡಿ ಮನಸ್ಸು ತಿಳಿಯಾಗಬೇಕಿತ್ತು. ನಾನು ಬಂದ ಸುದ್ದಿ ಬಸ್ ಸ್ಟ್ಯಾಂಡಿನಿಂದಲೇ ಇವರಿಗೆ ಯಾರೋ ಮುಟ್ಟಿಸಿದ್ದಾರೆ ಎಂದುಕೊಂಡೆ.

ಕೋಣೆಗೆ ಹೋಗಿ ವಹಿ ಕೇಳಿದೆ. ವಹಿಯಲ್ಲಿ ಏಳು ಅಡಿ ಒಂದು ಸಲ ಮಾತ್ರ ಇತ್ತು. ಆಮೇಲೆ ಎಂಟು, ಒಂಬತ್ತು, ಮತ್ತೆ ಎಂಟು. ನನಗೆ ಬಂದ ಅಂಕಿಗೂ ಇದಕ್ಕೂ ತಾಳೆಯೇ ಇಲ್ಲ. ಅಲ್ಲಿಯೇ ನಿಂತು ಯೋಚಿಸಬೇಕಿತ್ತು. ನಾನು ಪುಟ ತಿರುವಿ ಶಾಯಿ ನೋಡಿದೆ.

"ಎಲ್ಲಾ ಒಂದ ಶಾಯಿ, ಒಂದ ಕೈ ಬರಹ. ಕುಂತು ಒಮ್ಮೆಲೇ ಬರದೀರಿ ಶರಣಪ್ಪ," ಎಂದೆ.

ಅವರು ಅಂಗಿ ಜೇಬಿನಿಂದ ಪೆನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಹಳಬರು ನನ್ನನ್ನು ಗೌರವದಿಂದ ಬಾಯಾರ ಎಂದೇ ಕರೆಯುತ್ತಿದ್ದರು.

"ನನ್ನ ಹತ್ರ ಇರೋದು ಒಂದ ಪೆನ್ನರಿ ಬಾಯಾರ," ಎಂದರು. "ಕೈನೂ ಒಂದ."

ನಾನು ಎಚ್ಚರಿಕೆಯ ಪತ್ರ ಕೊಟ್ಟು ಬಂದೆ. ಬಸ್ಸಿನಲ್ಲಿ ವಾಪಸು ಬರುವಾಗ ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತು.

ಸುಮಾರು ಹದಿನೈದು ದಿನದ ಮೇಲಿನ ಮಾತು. ಚಿಂಚೋಳಿ ಕಡೆ ಎರಡು ದಿನದಿಂದ ಮಳೆ ಹಿಡಿದಿತ್ತು. ಹಿಂದಿನ ದಿನ ನರಸಿಂಹಲು ಕಳಿಸಿದ ಅಂಕಿ ನಂಬಲಾಗದಷ್ಟು ದೊಡ್ಡದಿತ್ತು, ಅವಸರದಲ್ಲಿ ತಪ್ಪು ಒತ್ತಿರಬೇಕು ಎಂದು ಬದಿಗಿಟ್ಟಿದ್ದೆ. ಸೇಡಂನ ಅಂಕಿ ಮಾಮೂಲಿಯಾಗಿತ್ತು. ವರದಿ ಖಣಿಗೆ ಹೋಯಿತು, ಜನ ಇಳಿದರು.

ಮಧ್ಯಾಹ್ನದ ಹೊತ್ತಿಗೆ ಖಣಿಯ ಮೇಲ್ವಿಚಾರಕ ಮಾಣಿಕರಾವ ಕಾರ್ಖಾನೆಯ ಒಳಗಿನ ಫೋನಿನಲ್ಲಿ ನನ್ನನ್ನು ಕರೆದರು.

"ಮೇಡಂ, ಸೇಡಂ ಶರಣಪ್ಪ ಇಲ್ಲಿ ಬಂದು ನಿಂತಾನ. ಮುಂಜಾನಿಂದ ನೀರು ಭಾಳ ಏರ್ಲಿಕತ್ತದ, ಮಂದೀನ ಮ್ಯಾಲ ಕರೀರಿ ಅಂತಾನ. ನಿಮ್ಮ ರಿಪೋರ್ಟ್‌ನಾಗ ಹಂಗೇನೂ ಇಲ್ಲ. ನಾ ಯಾರ ಮಾತ ಕೇಳ್ಲಿ?"

ನಾನು ಪರದೆ ನೋಡಿದೆ. ಸೇಡಂ, ಎಂಟು ಅಡಿ. ಪಕ್ಕದಲ್ಲಿ "ಕಳಿಸಿದೆ." ಎಚ್ಚರಿಕೆ ಪತ್ರದ ಸಿಟ್ಟಿಗೆ ಈ ಮನುಷ್ಯ ಕೆಲಸದ ಜಾಗ ಬಿಟ್ಟು ಬಂದು ಗದ್ದಲ ಎಬ್ಬಿಸುತ್ತಿದ್ದಾನೆ ಎಂದು ನನ್ನ ತಲೆಗೆ ಮೊದಲು ಹೊಳೆಯಿತು.

"ರಿಪೋರ್ಟ್ ಸರಿ ಅದ," ಎಂದೆ.

ಫೋನ್ ಇಟ್ಟೆ. ಆ ಮೂರು ಶಬ್ದ ನಾನು ಇಡೀ ನೌಕರಿಯಲ್ಲಿ ಆಡಿದ ಅತ್ಯಂತ ಕೆಟ್ಟ ಮಾತು. ಇಟ್ಟ ಮೇಲೆ, ಬದಿಗಿಟ್ಟಿದ್ದ ಚಿಂಚೋಳಿಯ ಅಂಕಿಯನ್ನು ಮತ್ತೆ ತೆಗೆದು ನೋಡಿದೆ. ನರಸಿಂಹಲುವಿನ ಅಂಕಿ ತಪ್ಪಾಗಿರದಿದ್ದರೆ? ಅಲ್ಲಿ ಅಷ್ಟು ನೀರು ಇದ್ದರೆ ಇಷ್ಟು ಹೊತ್ತಿಗೆ ಸೇಡಂ ಸುಮ್ಮನೆ ಇರಲು ಸಾಧ್ಯವೇ ಇಲ್ಲ. ವರದಿ ಬಿಟ್ಟು, ಬಂದ ಅಂಕಿಗಳ ಮೂಲ ಕಡತ ತೆರೆದೆ. ಸೇಡಂನಿಂದ ಕೊನೆಯ ಅಂಕಿ ಬಂದದ್ದು ಹಿಂದಿನ ದಿನ ಮುಂಜಾನೆ. ಆಮೇಲಿನ ಪ್ರತಿಯೊಂದು ಎಂಟರ ಪಕ್ಕದಲ್ಲೂ ಚುಕ್ಕಿ ಇತ್ತು. ಲೈನ್ ಸೇರುತ್ತಿತ್ತು, ಒದ್ದೆ ತಂತಿಯ ಗದ್ದಲದಲ್ಲಿ ಅಂಕಿ ಮುಟ್ಟುವ ಮೊದಲೇ ತುಂಡಾಗುತ್ತಿತ್ತು. ಲೈನ್ ಸೇರಿದ ಕೂಡಲೇ ನನ್ನ ದಿನಚರಿ ತುಂಡು "ಕಳಿಸಿದೆ" ಎಂದು ಬರೆದು ಕೈ ತೊಳೆದುಕೊಳ್ಳುತ್ತಿತ್ತು. ಮೂರನೆಯ ತುಂಡು ಹಳೆಯ ಅಂಕಿ ತುಂಬುತ್ತಿತ್ತು. ಹೊಸ ವರದಿ ಚುಕ್ಕಿಯನ್ನು ನುಂಗುತ್ತಿತ್ತು. ಒಂದೊಂದು ತುಂಡೂ ನಾನು ಹೇಳಿದ್ದನ್ನೇ ಮಾಡಿತ್ತು.

ಮತ್ತೆ ಫೋನ್ ಮಾಡಿದೆ. ಬಹಳ ಹೊತ್ತು ಯಾರೂ ಎತ್ತಲಿಲ್ಲ. ಆ ಗಂಟೆಯ ಸದ್ದು ಎಣಿಸುತ್ತ ನಿಂತೆ. ಕೊನೆಗೆ ಮಾಣಿಕರಾವ ಎತ್ತಿದರು, ಏದುಸಿರು ಬಿಡುತ್ತಿದ್ದರು.

"ಎಲ್ಲಾರೂ ಮ್ಯಾಲ ಬಂದಾರ್ರಿ," ಎಂದರು. "ನೀವು ರಿಪೋರ್ಟ್ ಸರಿ ಅದ ಅಂದ್ರಿ, ನಾ ಅವಂಗ ನಡಿ ಅಂದೆ. ಅಂವ ಕೇಳ್ಲಿಲ್ಲ. ತಾನ ಖಣ್ಯಾಗ ಇಳದು ಒಬ್ಬೊಬ್ಬರ ಕೈ ಹಿಡದು ಕರ್ಕೊಂಡು ಬಂದ."

ಖಣಿಯ ಬಹುತೇಕ ಜನ ಸೇಡಂ, ಮಳಖೇಡದ ಕಡೆಯವರು, ಪಂಪಿನ ಕಾಲದಿಂದ ಶರಣಪ್ಪನವರನ್ನು ಬಲ್ಲವರು. ಮೇಲ್ವಿಚಾರಕ ಬೇಡವೆಂದರೂ ಅವರ ಮಾತಿಗೆ ಸಲಿಕೆ ಬಿಟ್ಟು ಹತ್ತಿದ್ದರು. ಮೂರು ಗಂಟೆಯ ಹೊತ್ತಿಗೆ ಒಡ್ಡು ಒಂದು ಕಡೆ ಕುಸಿಯಿತು. ಎರಡು ಪಂಪು, ಒಂದು ಲಾರಿ, ಕಲ್ಲು ಕೊರೆಯುವ ಯಂತ್ರ ಮುಳುಗಿದವು. ಮನುಷ್ಯರು ಯಾರೂ ಹೋಗಲಿಲ್ಲ.

ಶರಣಪ್ಪ ಹೇಗೆ ಬಂದರೆಂದು ಆಮೇಲೆ ತಿಳಿಯಿತು. ಹಿಂದಿನ ದಿನದಿಂದ ಏರುವ ಅಂಕಿ ಕಳಿಸುತ್ತಿದ್ದರೂ ಶಹಾಬಾದಿನಿಂದ ಒಬ್ಬರೂ ಕೇಳಲಿಲ್ಲವಲ್ಲ ಎಂದು ಅವರಿಗೆ ಗುಮಾನಿ ಬಂದಿತ್ತು. ಎಸ್‌ಟಿಡಿ ಬೂತಿಗೆ ಹೋಗಿ ಫೋನ್ ಮಾಡಿದರು. ಅವರಿಗೆ ಗೊತ್ತಿದ್ದದ್ದು ಕಂಪ್ಯೂಟರಿನಲ್ಲಿ ಕಾಣುವ ಒಂದೇ ನಂಬರ್, ಅದು ನಮ್ಮ ಮೋಡೆಮ್‌ನದು. ಕಿವಿಯಲ್ಲಿ ಕರ್ರ್ ಎಂದು ಕೂಗಿತು. ಎರಡು ಸಲ ಮಾಡಿ, ಸೀದಾ ಮಳಖೇಡದ ಬಸ್ಸು ಹತ್ತಿ, ಅಲ್ಲಿಂದ ಲಾರಿ ಹಿಡಿದು, ಕೊನೆಯ ದಾರಿ ಆ ಮೊಣಕಾಲಿನಲ್ಲಿ ನಡೆದು ಬಂದಿದ್ದರು.

ವಿಚಾರಣೆ ಶುರುವಾಯಿತು, ಅದಕ್ಕೆ ಯಂತ್ರದ ವರದಿ ನಾನು ಬರೆದುಕೊಡಬೇಕಿತ್ತು. ದೇಶಮುಖ ಸಾಹೇಬರು ನನ್ನನ್ನು ಕರೆದು ಬಾಗಿಲು ಹಾಕಿದರು. ಶರಣಪ್ಪ ಅನುಮತಿಯಿಲ್ಲದೆ ಜಾಗ ಬಿಟ್ಟಿದ್ದರು, ಮಧ್ಯಾಹ್ನದ ಅಂಕಿ ಕಳಿಸಿರಲಿಲ್ಲ. ಅದು ಕಾಗದದ ಮೇಲೆ ನಿಜವೇ.

"ಲಾಗ್‌ನಾಗ ಕಳಿಸಿದೆ ಅಂತ ಅದ. ಅದನ್ನಷ್ಟ ಬರೀರಿ. ಅವಂದು ಹ್ಯಾಂಗೂ ಇನ್ನ ನಾಕೈದ ವರ್ಷ ನೌಕರಿ. ನಿಮ್ಮದು ಪೂರ್ತಿ ಬಾಕಿ ಅದ," ಎಂದರು.

ನಾನು ನನ್ನ ಜಾಗಕ್ಕೆ ಬಂದು ಕಾಗದ ಮುಂದಿಟ್ಟುಕೊಂಡು ಕೂತೆ. ಚಿಂಚೋಳಿಯ ವರದಿ ಬರೆದದ್ದು ಎಷ್ಟು ಸಲೀಸಾಗಿತ್ತು ಎಂದು ನೆನಪಾಯಿತು. ಇದನ್ನೂ ಹಾಗೆಯೇ ಬರೆದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತುಂಡುಗಳ ಒಳಗೆ ಇಣುಕಿ ನೋಡಬಲ್ಲವರು ಆ ಕಾರ್ಖಾನೆಯಲ್ಲಿ ನಾನೊಬ್ಬಳೇ. ಒಬ್ಬಳೇ ಎಂಬುದೇ ನನ್ನನ್ನು ಹೆದರಿಸಿತು. ಎರಡು ಪುಟ ಬರೆದೆ. ಚುಕ್ಕಿಯ ಮಾತು, ದಿನಚರಿ ತುಂಡಿನ ತಪ್ಪು, ಖಾಲಿ ಜಾಗ ಬೇಡವೆಂದ ಆದೇಶ, ನಾನು ಫೋನಿನಲ್ಲಿ ಹೇಳಿದ ಮಾತು, ಶರಣಪ್ಪನವರಿಗೆ ಕೊಟ್ಟ ಪತ್ರ ಸುಳ್ಳು ಎಂಬುದು. ಸಹಿ ಮಾಡಿ ದೇಶಮುಖ ಸಾಹೇಬರ ಕೈಗೆ ಕೊಡದೆ ದೊಡ್ಡ ಸಾಹೇಬರ ಕೋಣೆಗೇ ಒಯ್ದು ಕೊಟ್ಟೆ.

ನನ್ನನ್ನು ಎರಡು ವರ್ಷ ಸ್ಟೋರಿಗೆ ಹಾಕಿದರು, ನಟ್ಟು ಬೋಲ್ಟು ಎಣಿಸಲು. ಪ್ರೋಗ್ರಾಮ್ ತಿದ್ದುವುದು ಮಾತ್ರ ನನ್ನ ಮೇಲೆಯೇ ಇತ್ತು, ಬೇರೆ ಯಾರೂ ಇರಲಿಲ್ಲವಲ್ಲ. ಶರಣಪ್ಪನವರ ಪತ್ರ ರದ್ದಾಯಿತು. ಜಾಗ ಬಿಟ್ಟದ್ದಕ್ಕೆ ಕೊಟ್ಟ ಮೆಮೊ ಮಾತ್ರ ಹಾಗೆಯೇ ಉಳಿಯಿತು, ಅದನ್ನು ತೆಗೆಸಲು ನನ್ನ ಕೈಯಲ್ಲಿ ಆಗಲಿಲ್ಲ.

ತಿದ್ದಿದ ತುಂಡುಗಳನ್ನು ಹಾಕಲು ಸೇಡಂಗೆ ಹೋದೆ. ಶರಣಪ್ಪ ಬಾಗಿಲಲ್ಲೇ ನಿಂತು, ಈ ಸಲ ಏನು ತಪಾಸು ಮಾಡಲಿಕ್ಕೆ ಬಂದಿರಿ ಎಂದು ಕೇಳಿದರು. ತಪ್ಪು ನನ್ನದು, ಅದನ್ನು ಹೇಳಲು ಬಂದೆ ಎಂದೆ. ಅವರು ಕುಂದ್ರಿ ಎನ್ನಲಿಲ್ಲ. ಛತ್ರಿ ತೆಗೆದುಕೊಂಡು ಸೇತುವೆಯ ಕಡೆ ನಡೆದರು, ನಾನು ಹಿಂದೆ ಹೋದೆ. ಮೆಟ್ಟಿಲು ಪಾಚಿ ಹಿಡಿದು ಜಾರುತ್ತಿದ್ದವು. ಕಂಬದ ಬುಡದಲ್ಲಿ ನಿಲ್ಲಿಸಿ ಎಷ್ಟಿದೆ ಓದಲು ಹೇಳಿದರು. ನಾಲ್ಕೂಕಾಲು ಅಡಿ ಎಂದೆ. ಅಲೆ ಇಳಿಯುವ ತನಕ ಕಾದು ಮತ್ತೆ ಓದಲು ಹೇಳಿದರು. ಮೂರನೆಯ ಸಲ ನಾಲ್ಕೇ ಅಡಿ ಕಂಡಿತು. ಅವರು ತಮ್ಮ ಪೆನ್ನು ಕೊಟ್ಟು ವಹಿಯಲ್ಲಿ ನನ್ನ ಕೈಯಿಂದಲೇ ಬರೆಸಿದರು. ಕ್ಷಮಿಸಿದೆ ಎಂಬಂಥ ಮಾತು ಅವರ ಬಾಯಲ್ಲಿ ಬರಲಿಲ್ಲ.

ಹೊಸ ತುಂಡು, ಅಂಕಿ ಮುಟ್ಟಿತೆಂದು ಶಹಾಬಾದಿನಿಂದ ಉತ್ತರ ಬರುವ ತನಕ "ಕಳಿಸಿದೆ" ಎನ್ನುತ್ತಿರಲಿಲ್ಲ. ಇದನ್ನು ಶರಣಪ್ಪನವರಿಗೆ ತೋರಿಸಿ ವಿವರಿಸಿದೆ, ಸ್ಟೋರಿನ ಫೋನ್ ನಂಬರನ್ನೂ ಬರೆದುಕೊಟ್ಟೆ. ಅವರು ತಲೆ ಆಡಿಸಿದರು, ನಂಬಲಿಲ್ಲ. ಮರುದಿನ ಮುಂಜಾನೆ ಸ್ಟೋರಿನ ಫೋನ್ ರಿಂಗಾಯಿತು.

"ಸೇಡಂನಿಂದರಿ. ನಾ ಹಾಕಿದ್ದು ನಾಕೂವರಿ. ನಿಮ್ಮಲ್ಲಿ ಏನ ಕಾಣ್ಲಿಕತ್ತದ?"

ಕಂಪ್ಯೂಟರ್ ಕೋಣೆಗೆ ಹೋಗಿ ನೋಡಿ ಬಂದು, ನಾಲ್ಕೂವರೆ ಎಂದೆ. ಅವರು ಫೋನ್ ಇಟ್ಟರು. ಆ ದಿನದಿಂದ ಪ್ರತಿ ಮುಂಜಾನೆ ಹೀಗೆಯೇ. ಬೇಸಿಗೆಯಲ್ಲಿ ಹೊಳೆ ಬತ್ತಿ ಅಂಕಿ ಸೊನ್ನೆಯಾದಾಗಲೂ ಫೋನ್ ಬರುತ್ತಿತ್ತು. ಯೋಗಕ್ಷೇಮ ಇಲ್ಲ, ಬೇರೆ ಮಾತಿಲ್ಲ. ಮೊದಮೊದಲು ಕಪಾಳಕ್ಕೆ ಹೊಡೆದ ಹಾಗಾಗುತ್ತಿತ್ತು. ಆಮೇಲೆ ಆ ಫೋನ್ ಬರುವ ತನಕ ನನಗೆ ಬೇರೆ ಕೆಲಸ ಸಾಗುತ್ತಿರಲಿಲ್ಲ. ಎರಡು ಸಲ ಅಂಕಿ ತಾಳೆಯಾಗಲಿಲ್ಲ. ಒಮ್ಮೆ ಅವರು ಒತ್ತಿದ್ದು ತಪ್ಪಿತ್ತು, ಒಮ್ಮೆ ನನ್ನ ತುಂಡಿನದು. ಎರಡನ್ನೂ ಅವತ್ತೇ ಸರಿಮಾಡಿದೆವು.

ಅವರು ನಿವೃತ್ತಿಯಾಗುವ ಹೊತ್ತಿಗೆ ಹೊಸ ಶತಮಾನ ಬಂದು ಕೆಲವು ವರ್ಷವಾಗಿತ್ತು. ಬ್ರಾಡ್‌ಬ್ಯಾಂಡ್ ಬರುತ್ತದೆ, ಮೋಡೆಮ್ ಎಲ್ಲ ತೆಗೆಯುತ್ತಾರೆ ಎಂಬ ಮಾತು ನಡೆದಿತ್ತು. ಕೊನೆಯ ದಿನವೂ ಫೋನ್ ಬಂತು. ಅವರು ಐದು ಎಂದರು, ನಾನು ಐದು ಎಂದೆ. ಎಂದಿನಂತೆ ಅವರು ಫೋನ್ ಇಡಲಿಲ್ಲ.

"ನಾಳಿಂದ ಇಲ್ಲಿ ಹೊಸಬ ಕುಂದರ್ತಾನ," ಎಂದರು. "ಅಂವ ಫೋನ್ ಹಚ್ಚಂಗಿಲ್ಲ. ನೀವ ಹಚ್ರಿ ಬಾಯಾರ."

ಮರುದಿನ ಒಂಬತ್ತಕ್ಕೆ ನಾನೇ ಸೇಡಂಗೆ ಫೋನ್ ಮಾಡಿದೆ. ಹೊಸಬ ಗಾಬರಿಯಾಗಿ, ನಾನು ಏನಾದರೂ ತಪ್ಪು ಮಾಡಿದೆನೇ ಎಂದು ಕೇಳಿದ. ಇಲ್ಲಪ್ಪ, ನಾನು ಮಾಡಿರಬಹುದು, ನಿನ್ನ ವಹಿಯಲ್ಲಿ ಎಷ್ಟು ಬರೆದಿದ್ದೀ ಓದು ಎಂದೆ.